ಎರಡು ದಿನದ ಇಂಕಾ ಚಾರಣ: 104ನೇ ಕಿಲೋಮೀಟರಿನಿಂದ ಸೂರ್ಯದ್ವಾರದವರೆಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಮಾಚು ಪಿಚು ಎಂಬ ಪುರಾತನ ಇಂಕಾ ನಗರಕ್ಕೆ ರೈಲು ಮತ್ತು ಬಸ್ಸಿನಲ್ಲಿ ಹೋಗಿ ಬರುವವರೇ ಹೆಚ್ಚು. ಆದರೆ ಆ ಊರಿಗೆ ಇಂಕಾ ಜನರು ನಡೆದು ಬರುತ್ತಿದ್ದ ದಾರಿಯ ಕೊನೆಯ ಭಾಗವನ್ನು ಒಂದೇ ಹಗಲಿನಲ್ಲಿ ಮಾರ್ಗದರ್ಶಕರೊಂದಿಗೆ ನಡೆಯಲು ಸಾಧ್ಯವಿದೆ. ಇದನ್ನು ‘ಕಿರು ಇಂಕಾ ಚಾರಣ’ ಎನ್ನುತ್ತಾರೆ. ಭಾರತದಿಂದ, ಅದರಲ್ಲೂ ಕರ್ನಾಟಕದಿಂದ ಹೊರಡುವವರಿಗೆ ಸಾಮಾನ್ಯವಾಗಿ ಏಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡು ಉತ್ತರಿಸಲಾಗಿದೆ.

ಕಿರು ಇಂಕಾ ಚಾರಣ ಎಂದರೆ ನಿಖರವಾಗಿ ಯಾವುದು?

ಕುಸ್ಕೊ ನಗರದಿಂದ ಮಾಚು ಪಿಚುವಿನ ಕಡೆಗೆ ಉರುಬಾಂಬಾ ನದಿಯ ದಂಡೆಗುಂಟ ರೈಲುಹಾದಿ ಸಾಗುತ್ತದೆ. ಆ ಹಾದಿಯ 104ನೇ ಕಿಲೋಮೀಟರಿನಲ್ಲಿ ಇಳಿದು, ತೂಗುಸೇತುವೆಯ ಮೇಲೆ ನದಿ ದಾಟಿ, ಚಾಚಾಬಾಂಬಾ ಎಂಬ ಪುರಾತನ ನೆಲೆಯಿಂದ ಬೆಟ್ಟ ಏರಿ, ವಿನ್ಯಾಯ್ ವಾಯ್ನಾ ಎಂಬ ಇನ್ನೊಂದು ನೆಲೆಯನ್ನು ಹಾದು, ಇಂತಿ ಪುಂಕು, ಅಂದರೆ ಸೂರ್ಯದ್ವಾರ, ಎಂಬ ಕಲ್ಲಿನ ದ್ವಾರದ ಮೂಲಕ ಮಾಚು ಪಿಚುವಿಗೆ ಇಳಿಯುವುದೇ ಈ ಚಾರಣ. ಒಟ್ಟು ದೂರ ಸುಮಾರು 12 ಕಿಲೋಮೀಟರ್. ನಿಂತು ನೋಡುವ ಸಮಯವನ್ನೂ ಸೇರಿಸಿದರೆ ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ನಡಿಗೆಯೆಲ್ಲ ಮೊದಲನೆಯ ದಿನವೇ ಮುಗಿಯುತ್ತದೆ. ಆ ರಾತ್ರಿ ಬೆಟ್ಟದ ಬುಡದಲ್ಲಿರುವ ಆಗ್ವಾಸ್ ಕಾಲಿಯೆಂತೆಸ್ ಪಟ್ಟಣದ ಹೋಟೆಲಿನಲ್ಲಿ ತಂಗಿ, ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮತ್ತೆ ಮೇಲೆ ಹೋಗಿ ಮಾಚು ಪಿಚುವನ್ನು ವಿವರವಾಗಿ ನೋಡುವುದು ವಾಡಿಕೆ. ಹೀಗಾಗಿ ‘ಎರಡು ದಿನದ ಚಾರಣ’ ಎಂಬ ಹೆಸರು ಬಂದಿದ್ದರೂ ಗುಡಾರದಲ್ಲಿ ಮಲಗುವ ಪ್ರಸಂಗ ಇದರಲ್ಲಿಲ್ಲ.

ನಾಲ್ಕು ದಿನದ ಚಾರಣದ ಮುಂದೆ ಇದು ಕಡಿಮೆಯದಲ್ಲವೇ?

ದೂರದಲ್ಲಿ ಕಡಿಮೆ ಎಂಬುದು ನಿಜ. ನಾಲ್ಕು ದಿನದ ಚಾರಣವು 82ನೇ ಕಿಲೋಮೀಟರಿನಿಂದ ಆರಂಭವಾಗಿ ಸುಮಾರು 42 ಕಿಲೋಮೀಟರ್ ಸಾಗುತ್ತದೆ. ಅದರಲ್ಲಿ 4,215 ಮೀಟರ್ ಎತ್ತರದ ವಾರ್ಮಿವಾನ್ಯುಸ್ಕಾ ಕಣಿವೆದಾರಿಯನ್ನು ದಾಟಬೇಕು. ಆ ಎತ್ತರದ ಹುಲ್ಲುಗಾವಲು, ಹಿಮಶಿಖರಗಳ ಸಾಮೀಪ್ಯ, ಬೆಟ್ಟದ ಮೇಲಿನ ರಾತ್ರಿಗಳು ಕಿರು ಚಾರಣದಲ್ಲಿ ಸಿಗುವುದಿಲ್ಲ. ಅದನ್ನು ಬಯಸುವವರು ನಾಲ್ಕು ದಿನವನ್ನೇ ಮೀಸಲಿಡಬೇಕು.

ಆದರೆ ವಿನ್ಯಾಯ್ ವಾಯ್ನಾದಲ್ಲಿ ಎರಡೂ ದಾರಿಗಳು ಕೂಡುತ್ತವೆ ಎಂಬುದನ್ನು ಮರೆಯಬಾರದು. ಅಲ್ಲಿಂದ ಮುಂದೆ ಕಾಡಿನೊಳಗಿನ ಕಲ್ಲುಹಾಸಿನ ದಾರಿ, ಕೊನೆಯ ಕಡಿದಾದ ಮೆಟ್ಟಿಲುಗಳು, ದ್ವಾರದಲ್ಲಿ ನಿಂತಾಗ ಕೆಳಗೆ ಒಮ್ಮೆಗೇ ತೆರೆದುಕೊಳ್ಳುವ ನಗರ, ಇವೆಲ್ಲವೂ ಇಬ್ಬರಿಗೂ ಒಂದೇ. ಮಾಚು ಪಿಚುವನ್ನು ಕಟ್ಟಿದವರು ಅದಕ್ಕೆ ಒಂದು ಬಾಗಿಲನ್ನು ಇಟ್ಟಿದ್ದರು, ಆ ಬಾಗಿಲಿನ ಮೂಲಕವೇ ಅದನ್ನು ಮೊದಲ ಬಾರಿ ನೋಡುವುದು ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಭಾಗ್ಯವನ್ನು ಕಿರು ಚಾರಣವೂ ಪೂರ್ಣವಾಗಿಯೇ ಕೊಡುತ್ತದೆ.

ಈ ದಾರಿಯನ್ನು ಯಾರು, ಯಾವಾಗ, ಏಕೆ ಮಾಡಿದರು?

ಮಾಚು ಪಿಚುವನ್ನು ಹದಿನೈದನೆಯ ಶತಮಾನದಲ್ಲಿ ಪಚಾಕುಟಿ ಎಂಬ ಇಂಕಾ ದೊರೆಯ ಕಾಲದಲ್ಲಿ ಕಟ್ಟಲಾಯಿತೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಪಚಾಕುಟಿ ಪಟ್ಟವೇರಿದ್ದು 1438ರಲ್ಲಿ ಎಂಬ ಸಾಂಪ್ರದಾಯಿಕ ಲೆಕ್ಕವನ್ನು ಹಿಡಿದರೆ, ಅದೇ ಹೊತ್ತಿಗೆ ವಿಜಯನಗರದಲ್ಲಿ ಎರಡನೆಯ ದೇವರಾಯ ಆಳುತ್ತಿದ್ದ. ಹಂಪಿಯ ಕಲ್ಲುಗಳನ್ನು ಕಂಡು ಬೆಳೆದ ಕಣ್ಣುಗಳಿಗೆ ಈ ಸಮಕಾಲೀನತೆ ಒಂದು ಅಳತೆಗೋಲಾಗಬಲ್ಲದು, ಏಕೆಂದರೆ ಒಂದನ್ನೊಂದು ಕೇಳಿಯೂ ಅರಿಯದ ಎರಡು ನಾಡುಗಳಲ್ಲಿ ಒಂದೇ ತಲೆಮಾರಿನ ಕಲ್ಲುಕುಟಿಗರು ದುಡಿಯುತ್ತಿದ್ದರು. ಇಂಕಾ ಕುಶಲಕರ್ಮಿಗಳ ಬಳಿ ಕಬ್ಬಿಣದ ಉಳಿ ಇರಲಿಲ್ಲ. ಗಟ್ಟಿಯಾದ ಕಲ್ಲುಗುಂಡುಗಳಿಂದ ಕುಟ್ಟಿ, ಉಜ್ಜಿ, ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿದ ಗೋಡೆಗಳನ್ನು ಅವರು ಬಿಟ್ಟುಹೋಗಿದ್ದಾರೆ.

ನೀವು ನಡೆಯುವ ತುಣುಕು ‘ಕಪಾಕ್ ನ್ಯಾನ್’ ಎಂಬ ಮಹಾಮಾರ್ಗ ಜಾಲದ ಒಂದು ಸಣ್ಣ ಕೊಂಬೆ. ಇಂದಿನ ಕೊಲಂಬಿಯಾ, ಈಕ್ವೆಡಾರ್, ಪೆರು, ಬೊಲಿವಿಯಾ, ಚಿಲಿ ಮತ್ತು ಅರ್ಜೆಂಟೀನಾ ದೇಶಗಳಲ್ಲಿ ಹರಡಿರುವ ಈ ಜಾಲದ ಉದ್ದ 30,000 ಕಿಲೋಮೀಟರಿಗೂ ಹೆಚ್ಚು. 2014ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾಡಿಯ ಗಾಲಿಯಾಗಲಿ ಕುದುರೆಯಾಗಲಿ ಇಲ್ಲದ ರಾಜ್ಯದಲ್ಲಿ ದಾರಿಗಳು ಮನುಷ್ಯರ ಕಾಲಿಗೂ ಲಾಮಾ ಎಂಬ ಹೊರೆಪ್ರಾಣಿಗಳ ಪಾದಕ್ಕೂ ಹೊಂದುವಂತೆ ರೂಪುಗೊಂಡವು. ಆದ್ದರಿಂದಲೇ ಕಡಿದಾದ ಕಡೆ ಸುತ್ತು ಹಾಕುವ ಬದಲು ನೇರವಾಗಿ ಮೆಟ್ಟಿಲುಗಳನ್ನು ಇಟ್ಟಿದ್ದಾರೆ. ‘ಚಾಸ್ಕಿ’ಗಳೆಂಬ ಓಟಗಾರರು ಸರದಿಯ ಮೇಲೆ ಓಡುತ್ತ ಸುದ್ದಿಯನ್ನೂ ಗಂಟುಹಗ್ಗದ ಲೆಕ್ಕವಾದ ‘ಖಿಪು’ವನ್ನೂ ಒಂದು ಠಾಣ್ಯದಿಂದ ಇನ್ನೊಂದಕ್ಕೆ ಮುಟ್ಟಿಸುತ್ತಿದ್ದರು. ಇದನ್ನೆಲ್ಲ ಕಟ್ಟಿ ಕಾಪಾಡಿದವರು ‘ಮಿತಾ’ ಎಂಬ ಪದ್ಧತಿಯಂತೆ ತೆರಿಗೆಯ ಬದಲಿಗೆ ರಾಜ್ಯಕ್ಕೆ ದುಡಿಮೆ ಸಲ್ಲಿಸುತ್ತಿದ್ದ ಸಾಮಾನ್ಯ ಜನರು. ಮೆಟ್ಟಿಲಿನ ಮೇಲೆ ಕಾಲಿಡುವಾಗ ಅದನ್ನು ಹೊತ್ತು ತಂದವರ ಹೆಸರು ಎಲ್ಲಿಯೂ ಉಳಿದಿಲ್ಲ ಎಂಬುದು ನೆನಪಿರಲಿ.

ಮಾರ್ಗದರ್ಶಕರಿಲ್ಲದೆ ನಾನೇ ನಡೆದು ಹೋಗಬಹುದೇ?

ಇಲ್ಲ. ಎರಡು ದಶಕಗಳಿಗೂ ಹಿಂದಿನಿಂದಲೇ ಈ ಮಾರ್ಗದಲ್ಲಿ ಸ್ವತಂತ್ರ ಚಾರಣಕ್ಕೆ ಅವಕಾಶವಿಲ್ಲ. ಸರ್ಕಾರದ ಮಾನ್ಯತೆ ಪಡೆದ ಚಾರಣ ಸಂಸ್ಥೆಯ ಮೂಲಕವೇ ಪರ್ಮಿಟ್ ಪಡೆಯಬೇಕು, ಪರವಾನಗಿ ಇರುವ ಮಾರ್ಗದರ್ಶಕರು ಜೊತೆಯಲ್ಲಿ ಇರಲೇಬೇಕು. ಇದನ್ನು ಕಿರಿಕಿರಿ ಎಂದು ಭಾವಿಸಬೇಡಿ. ನಿರ್ಬಂಧವಿಲ್ಲದ ಕಾಲದಲ್ಲಿ ಈ ದಾರಿಯಲ್ಲಿ ಕಸ ಬಿದ್ದು, ಕಲ್ಲುಗಳು ಸವೆದು, ಬೆಟ್ಟದ ಮೇಲೆ ಬೇಕಾದಲ್ಲಿ ಬೆಂಕಿ ಹಾಕಿ ಗುಡಾರ ಹೂಡುವ ಪರಿಸ್ಥಿತಿ ಬಂದಿತ್ತು. ಕಾಡು ಮತ್ತು ಕಟ್ಟಡಗಳನ್ನು ಉಳಿಸಲು ಈ ಕಟ್ಟುಪಾಡು ಅನಿವಾರ್ಯವಾಯಿತು. ಮೇಲಾಗಿ, ಮಾರ್ಗದರ್ಶಕರಲ್ಲಿ ಅನೇಕರು ಆಂಡೀಸ್ ಜನರ ಭಾಷೆಯಾದ ಕೆಚುವಾ ಮಾತನಾಡುವ ಮನೆಗಳಿಂದ ಬಂದವರು. ಒಂದು ಗಿಡದ, ಒಂದು ಶಿಖರದ ಹೆಸರನ್ನು ಅವರ ಬಾಯಿಂದಲೇ ಕೇಳುವುದು ಪುಸ್ತಕದಿಂದ ಸಿಗದ ಲಾಭ.

ಪರ್ಮಿಟ್ ಪಡೆಯುವುದು ಹೇಗೆ? ಎಷ್ಟು ಮುಂಚೆ ಕಾಯ್ದಿರಿಸಬೇಕು?

ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ನಾಲ್ಕು ದಿನದ ಮಾರ್ಗಕ್ಕೆ ಹೊರೆಯಾಳುಗಳೂ ಅಡುಗೆಯವರೂ ಸೇರಿ ದಿನಕ್ಕೆ 500 ಮಂದಿಗೆ ಅವಕಾಶ. ಕಿರು ಮಾರ್ಗಕ್ಕೆ ಇದರಿಂದ ಬೇರೆಯಾದ ಮಿತಿ ಇದೆ. ಮೇ ತಿಂಗಳಿಂದ ಆಗಸ್ಟ್‌ವರೆಗಿನ ದಿನಾಂಕಗಳು ಬಹಳ ಬೇಗ ತುಂಬುವುದರಿಂದ, ಆ ಅವಧಿಗೆ ಐದಾರು ತಿಂಗಳ ಮೊದಲೇ ಕಾಯ್ದಿರಿಸುವುದು ಕ್ಷೇಮ. ವಿಮಾನದ ಟಿಕೆಟ್ ಕೊಂಡು ಆಮೇಲೆ ಪರ್ಮಿಟ್ ಹುಡುಕುವುದಕ್ಕಿಂತ, ಪರ್ಮಿಟ್ ಖಚಿತವಾದ ಮೇಲೆ ಟಿಕೆಟ್ ಕೊಳ್ಳುವುದೇ ಸರಿಯಾದ ಅನುಕ್ರಮ.

ಪರ್ಮಿಟ್ ನಿಮ್ಮ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಇಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ನಮ್ಮಲ್ಲಿ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಇರುವವರು ಬಹಳ. ಕೆಲವರ ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಬರೆದಿರುತ್ತವೆ, ಕೆಲವರಲ್ಲಿ ಉಪನಾಮದ ಜಾಗವೇ ಖಾಲಿ ಇರುತ್ತದೆ. ಅರ್ಜಿಯಲ್ಲಿ ವಾಡಿಕೆಯ ಹೆಸರನ್ನು ಬರೆಯದೆ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ಬರೆಯಿರಿ, ಮತ್ತು ಪಾಸ್‌ಪೋರ್ಟಿನ ಪುಟದ ಪ್ರತಿಯನ್ನು ಸಂಸ್ಥೆಗೆ ಕಳುಹಿಸಿ ತಾಳೆ ನೋಡಲು ಹೇಳಿ. ಕಾಯ್ದಿರಿಸಿದ ನಂತರ ಪಾಸ್‌ಪೋರ್ಟ್ ನವೀಕರಿಸಿದರೆ ಹಳೆಯದನ್ನೂ ಒಯ್ಯಿರಿ, ಸಂಸ್ಥೆಗೂ ತಿಳಿಸಿ. ತಪಾಸಣೆ ಠಾಣೆಯಲ್ಲಿ ಮೂಲ ಪಾಸ್‌ಪೋರ್ಟನ್ನೇ ಕೇಳುತ್ತಾರೆ; ಫೋನಿನಲ್ಲಿರುವ ಚಿತ್ರ ನಡೆಯುವುದಿಲ್ಲ.

ಸಂಸ್ಥೆ ಹೇಳುವ ದರದಲ್ಲಿ ಏನೇನು ಸೇರಿರಬೇಕು?

ಚಾರಣದ ಪರ್ಮಿಟ್, ಹೋಗುವ ಮತ್ತು ಬರುವ ರೈಲು, ಮಾರ್ಗದರ್ಶಕರ ಸಂಭಾವನೆ, ಮೊದಲ ದಿನದ ಬುತ್ತಿ, ಒಂದು ರಾತ್ರಿಯ ಹೋಟೆಲು, ಬೆಟ್ಟದ ಬಸ್ಸು, ಇವುಗಳ ಜೊತೆಗೆ ಎರಡನೆಯ ದಿನದ ಮಾಚು ಪಿಚು ಪ್ರವೇಶಪತ್ರ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ಕೊನೆಯದು ಮುಖ್ಯ. 2024ರಿಂದ ಮಾಚು ಪಿಚುವನ್ನು ಮೂರು ಸುತ್ತುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರವೇಶಪತ್ರ ಮತ್ತು ಗೊತ್ತಾದ ಪ್ರವೇಶ ವೇಳೆಯನ್ನು ಇಟ್ಟಿದ್ದಾರೆ. ಚಾರಣದ ದಿನ ನೀವು ಮೇಲಿನ ಕಟ್ಟೆಗಳಿಂದ ನಗರವನ್ನು ನೋಡಿ ಹೊರಬರುತ್ತೀರಿ. ಹೀಗಾಗಿ ಮರುದಿನದ ಪತ್ರ ದೇವಾಲಯಗಳನ್ನೂ ವಸತಿಗಳನ್ನೂ ಹಾದುಹೋಗುವ ಕೆಳಗಿನ ಸುತ್ತಿನದಾಗಿದ್ದರೆ ಒಳ್ಳೆಯದು. ಅದನ್ನು ಕಾಯ್ದಿರಿಸುವಾಗಲೇ ಹೆಸರಿಸಿ ಕೇಳಬೇಕು.

ಎತ್ತರದ ಸಮಸ್ಯೆ ಎಷ್ಟು ಗಂಭೀರ?

ಈ ಚಾರಣದ ವಿಶೇಷವೆಂದರೆ, ನಡೆಯುವ ದಾರಿಗಿಂತ ಅದಕ್ಕೆ ಮುಂಚೆ ನೀವು ತಂಗುವ ಊರೇ ಎತ್ತರದಲ್ಲಿದೆ. 104ನೇ ಕಿಲೋಮೀಟರ್ ಸುಮಾರು 2,100 ಮೀಟರ್ ಎತ್ತರದಲ್ಲಿದ್ದರೆ, ವಿನ್ಯಾಯ್ ವಾಯ್ನಾ ಸುಮಾರು 2,650, ಇಂತಿ ಪುಂಕು ಸುಮಾರು 2,700 ಮೀಟರ್ ಎತ್ತರದಲ್ಲಿವೆ. ಮಾಚು ಪಿಚು 2,430 ಮೀಟರಿಗೆ ಇಳಿಯುತ್ತದೆ. ಆದರೆ ವಿಮಾನ ಇಳಿಯುವ ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ ವ್ಯತ್ಯಾಸ ಮನದಟ್ಟಾಗುತ್ತದೆ: ಚಾರಣದ ಆರಂಭಬಿಂದುವೇ ಅದಕ್ಕಿಂತ ಮೇಲಿದೆ, ಕುಸ್ಕೊವಂತೂ ಅದರ ನೆತ್ತಿಯ ಮೇಲೆ ಇನ್ನೂ ಸುಮಾರು ಒಂದೂವರೆ ಕಿಲೋಮೀಟರ್.

ಸಮುದ್ರಮಟ್ಟದಲ್ಲಿರುವ ಲಿಮಾದಿಂದ ಒಂದು ಗಂಟೆ ಚಿಲ್ಲರೆ ಹಾರಾಟದಲ್ಲಿ ಕುಸ್ಕೊ ತಲುಪಿದವರಿಗೆ ತಲೆನೋವು, ವಾಕರಿಕೆ, ನಿದ್ರಾಭಂಗ, ನಾಲ್ಕು ಮೆಟ್ಟಿಲಿಗೇ ಏದುಸಿರು ಬರುವುದು ಸಾಮಾನ್ಯ. ಇದಕ್ಕೆ ವಯಸ್ಸು, ಬಲ, ವ್ಯಾಯಾಮಗಳ ಹಂಗಿಲ್ಲ. ದಿನವೂ ಓಡುವ ಯುವಕರೂ ಮಲಗಿಬಿಡುವುದುಂಟು. ಆದ್ದರಿಂದ ಕುಸ್ಕೊ ವಿಮಾನ ನಿಲ್ದಾಣದಿಂದ ನೇರವಾಗಿ ಸುಮಾರು 2,800 ಮೀಟರ್ ಎತ್ತರದ ಒಯಾಂತಾಯ್‌ತಾಂಬೊ ಅಥವಾ ಉರುಬಾಂಬಾ ಕಣಿವೆಯ ಬೇರೊಂದು ಊರಿಗೆ ಇಳಿದು ಅಲ್ಲಿ ಎರಡು ರಾತ್ರಿ ಕಳೆಯುವುದು ನಾನು ಕೊಡುವ ಮೊದಲ ಸಲಹೆ. ಒಯಾಂತಾಯ್‌ತಾಂಬೊದಲ್ಲಿ ಇಂಕಾ ಕಾಲದ ಬೀದಿಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ, ಹಳೆಯ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಮೈ ಒಗ್ಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಎತ್ತರದ ಬೇನೆಯನ್ನು ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ವಿಷಯವನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಲ್ಲಿ ಕೇಳಿ. ಹೃದ್ರೋಗ, ಅಸ್ತಮಾ, ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ಅವರ ಮಾತನ್ನು ಮೀರಬಾರದು. ನಡೆಯುವಾಗ ಓಲಾಡುವುದು, ಮಾತು ತೊದಲುವುದು, ಸುಮ್ಮನೆ ಕುಳಿತಾಗಲೂ ಉಸಿರುಗಟ್ಟುವುದು ಅಪಾಯದ ಗುರುತುಗಳು. ಅಂಥ ಸಂದರ್ಭದಲ್ಲಿ ಕೂಡಲೇ ಕೆಳಗಿಳಿದು ಚಿಕಿತ್ಸೆ ಪಡೆಯಬೇಕು.

ಕೋಕಾ ಎಲೆಯ ಚಹಾ ಕುಡಿಯಬಹುದೇ?

ಆಂಡೀಸ್ ಪರ್ವತದ ಜನರಿಗೆ ಕೋಕಾ ಎಲೆ ನಮ್ಮ ವೀಳ್ಯದೆಲೆಯಂತೆ ಮರ್ಯಾದೆಯ ವಸ್ತು. ಪೂಜೆಯಲ್ಲಿಯೂ ಅತಿಥಿ ಸತ್ಕಾರದಲ್ಲಿಯೂ ಅದಕ್ಕೆ ಸ್ಥಾನವಿದೆ. ಹೋಟೆಲುಗಳಲ್ಲಿ ಅದರ ಚಹಾ ಧಾರಾಳವಾಗಿ ಸಿಗುತ್ತದೆ, ಪೆರುವಿನಲ್ಲಿ ಅದು ಕಾನೂನುಬದ್ಧ. ಆದರೆ ಭಾರತದಲ್ಲಿ ಆ ಎಲೆ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೆನಪಿಗೆಂದು ಒಂದು ಪೊಟ್ಟಣ ಚಹಾ ಪುಡಿಯನ್ನೂ, ಒಂದು ಮಿಠಾಯಿಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಬರಬೇಡಿ. ಉದ್ಯೋಗದ ನಿಮಿತ್ತ ಮಾದಕ ವಸ್ತು ಪರೀಕ್ಷೆಗೆ ಒಳಗಾಗುವವರು ಕುಡಿಯದಿರುವುದೇ ಲೇಸು. ಅಂಥವರಿಗೆ ‘ಮುನ್ಯಾ’ ಎಂಬ ಪುದೀನದ ಪರಿಮಳದ ಕಾಡುಗಿಡದ ಕಷಾಯವಿದೆ.

ದಾರಿ ಎಷ್ಟು ಕಠಿಣ? ಹೇಗೆ ಸಿದ್ಧರಾಗಬೇಕು?

ಮೊದಲ ಮೂರು ಮೂರೂವರೆ ಗಂಟೆ ಸತತ ಏರು. ನದಿಯ ದಂಡೆಯಿಂದ ವಿನ್ಯಾಯ್ ವಾಯ್ನಾದವರೆಗೆ ಐನೂರು ಮೀಟರಿಗೂ ಹೆಚ್ಚು ಎತ್ತರವನ್ನು ಗಳಿಸಬೇಕು. ಈ ಭಾಗದಲ್ಲಿ ಬೆಟ್ಟದ ಮೈ ಬಹುಪಾಲು ಬಯಲಾಗಿರುವುದರಿಂದ ಬಿಸಿಲು ಬಲವಾಗಿ ತಾಗುತ್ತದೆ. ಅಲ್ಲಲ್ಲಿ ನೆರಳಿನ ತಂಗುದಾಣಗಳಿವೆ. ದಾರಿಯ ಒಂದು ಮಗ್ಗುಲಲ್ಲಿ ಆಳವಾದ ಕಣಿವೆ ಇರುತ್ತದೆ. ಕಾಲುದಾರಿ ಸಾಕಷ್ಟು ಅಗಲವಾಗಿಯೇ ಇದ್ದರೂ, ಎತ್ತರದಿಂದ ಕೆಳಗೆ ನೋಡಿದರೆ ತಲೆ ಸುತ್ತುವವರು ಬೆಟ್ಟದ ಕಡೆಯೇ ನಡೆಯಲಿ, ಮಾರ್ಗದರ್ಶಕರಿಗೂ ಮೊದಲೇ ಹೇಳಿರಲಿ. ವಿನ್ಯಾಯ್ ವಾಯ್ನಾದ ನಂತರ ಒಂದೂವರೆ ಗಂಟೆಯ ದಾರಿ ಮಂಜುಮುಸುಕಿದ ಕಾಡಿನೊಳಗೆ ಏರಿಳಿಯುತ್ತ ತಂಪಾಗಿ ಸಾಗುತ್ತದೆ. ಇಂತಿ ಪುಂಕುವಿಗೆ ತುಸು ಮೊದಲು ಐವತ್ತರಷ್ಟು ಮೆಟ್ಟಿಲುಗಳ ಒಂದು ಸಾಲು ಎದುರಾಗುತ್ತದೆ. ಅದು ಎಷ್ಟು ಕಡಿದೆಂದರೆ ಅನೇಕರು ಕೈಗಳನ್ನೂ ಊರಿ ಹತ್ತುತ್ತಾರೆ.

ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಈ ಏರು ಅದಕ್ಕಿಂತ ಬಹಳ ಕಡಿಮೆ. ಕಷ್ಟವೇನಿದ್ದರೂ ತೆಳುವಾದ ಗಾಳಿಯದು. ಚಾರಣದ ಅಭ್ಯಾಸವಿಲ್ಲದವರು ಎರಡು ಮೂರು ತಿಂಗಳು ವಾರಕ್ಕೆ ಎರಡು ಬಾರಿ ಮೆಟ್ಟಿಲು ಹತ್ತಿಳಿಯಲಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗಿಂತ ಒಳ್ಳೆಯ ಅಭ್ಯಾಸಶಾಲೆ ಬೇಕಿಲ್ಲ. ಇಳಿಯುವುದನ್ನೂ ಕಾಲ್ನಡಿಗೆಯಲ್ಲೇ ಮಾಡಿ, ಏಕೆಂದರೆ ಮರುದಿನ ನೋಯುವುದು ಇಳಿದ ಮಂಡಿಗಳು. ಇಲ್ಲಿ ಬಳಸಿದ್ದ ಬೂಟನ್ನೇ ಅಲ್ಲಿಗೂ ಒಯ್ಯಿರಿ. ಹೊಸ ಬೂಟನ್ನು ಚಾರಣದ ದಿನ ಮೊದಲ ಬಾರಿ ಹಾಕಬಾರದು.

ದಾರಿಯ ಮಧ್ಯೆ ನಡೆಯಲಾಗದಿದ್ದರೆ?

ಬೆಟ್ಟದಲ್ಲಿ ವಾಹನದ ದಾರಿಯಿಲ್ಲ. ಹಿಂದೆ ಇಳಿದು ರೈಲುಹಾದಿಗೆ ಬರಬೇಕು ಅಥವಾ ಮುಂದೆ ಮಾಚು ಪಿಚುವಿಗೇ ಸಾಗಬೇಕು. ಸಂಶಯವಿದ್ದರೆ ಏರು ಆರಂಭವಾದ ಮೊದಲ ಗಂಟೆಯೊಳಗೇ ಮಾರ್ಗದರ್ಶಕರಿಗೆ ತಿಳಿಸಿ. ಸಂಕೋಚಪಟ್ಟು ಬಾಯಿ ಮುಚ್ಚಿಕೊಂಡಿರುವುದೇ ನಿಜವಾದ ತೊಂದರೆಗೆ ದಾರಿ. ಎತ್ತರದ ಪ್ರದೇಶದ ಚಾರಣವನ್ನೂ ತುರ್ತು ಸ್ಥಳಾಂತರವನ್ನೂ ಒಳಗೊಂಡ ಪ್ರಯಾಣ ವಿಮೆಯನ್ನು ಮಾಡಿಸಿಕೊಂಡೇ ಹೊರಡಬೇಕು.

ಚಾರಣದ ದಿನ ಹೇಗೆ ಸಾಗುತ್ತದೆ?

ಕುಸ್ಕೊದಿಂದ ಹೊರಡುವವರು ನಸುಕಿನ ನಾಲ್ಕು ಗಂಟೆಗೂ ಮೊದಲೇ ಏಳಬೇಕು. ಒಯಾಂತಾಯ್‌ತಾಂಬೊದಲ್ಲಿ ತಂಗಿದವರಿಗೆ ಇನ್ನಷ್ಟು ನಿದ್ದೆ ಸಿಗುತ್ತದೆ, ಅಲ್ಲಿ ತಂಗಲು ಇದೂ ಒಂದು ಕಾರಣ. ಬೆಳಗಿನ ರೈಲು ನದಿಯ ಪಕ್ಕದಲ್ಲಿ ಹರಿದು 104ನೇ ಕಿಲೋಮೀಟರಿನಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ. ಅದು ದೊಡ್ಡ ನಿಲ್ದಾಣವಲ್ಲ, ಹಳಿಯ ಪಕ್ಕದ ಒಂದು ತಂಗುದಾಣ ಮಾತ್ರ. ಚೀಲವನ್ನು ಹೆಗಲಿಗೇರಿಸಿಕೊಂಡು ಸಿದ್ಧರಾಗಿ ಕುಳಿತಿರಬೇಕು. ಸೇತುವೆಯ ಬಳಿ ತಪಾಸಣೆ ಮುಗಿಸಿ ಎಂಟು ಗಂಟೆಯ ಆಸುಪಾಸಿನಲ್ಲಿ ನಡಿಗೆ ಆರಂಭ. ಮಧ್ಯಾಹ್ನದ ಹೊತ್ತಿಗೆ ವಿನ್ಯಾಯ್ ವಾಯ್ನಾ, ಅಲ್ಲಿಯೇ ಬುತ್ತಿಯೂಟ. ಮೂರರಿಂದ ನಾಲ್ಕು ಗಂಟೆಯೊಳಗೆ ಇಂತಿ ಪುಂಕು, ಅಲ್ಲಿಂದ ಮುಕ್ಕಾಲು ಗಂಟೆಯ ಇಳಿಜಾರಿನಲ್ಲಿ ಮಾಚು ಪಿಚು. ಸಂಜೆಯ ಬಸ್ಸು ಹಿಡಿದರೆ ಅರ್ಧ ಗಂಟೆಯೊಳಗೆ ಆಗ್ವಾಸ್ ಕಾಲಿಯೆಂತೆಸ್. ಅದೇ ದಿನ ರಾತ್ರಿ ಕುಸ್ಕೊಗೆ ಮರಳುವ ಒಂದು ದಿನದ ಏರ್ಪಾಡೂ ಇದೆ. ಆದರೆ ಅದರಲ್ಲಿ ಮಾಚು ಪಿಚುವಿನಲ್ಲಿ ಕಾಲ ಕಳೆಯಲು ಬಿಡುವೇ ಇರುವುದಿಲ್ಲವಾದ್ದರಿಂದ, ಇಷ್ಟು ದೂರ ಬಂದವರು ಅದನ್ನು ಆರಿಸಿಕೊಳ್ಳಬಾರದು.

ದಾರಿಯಲ್ಲಿ ನೋಡಲೇಬೇಕಾದದ್ದು ಯಾವುದು?

ಚಾಚಾಬಾಂಬಾದಲ್ಲಿ ಒಂದು ದೊಡ್ಡ ಬಂಡೆಯನ್ನು ನಡುವಿಟ್ಟುಕೊಂಡು ಸುತ್ತಲೂ ಕಟ್ಟಡಗಳನ್ನೂ ನೀರಿನ ತೊಟ್ಟಿಗಳನ್ನೂ ಕಟ್ಟಿದ್ದಾರೆ. ಬಂಡೆಗೂ ಹರಿವ ನೀರಿಗೂ ಅವರು ಕೊಟ್ಟ ಪೂಜ್ಯಸ್ಥಾನ ಇಲ್ಲಿ ಎದ್ದು ಕಾಣುತ್ತದೆ. ನಡೆಯುವ ಆತುರದಲ್ಲಿ ಹೆಚ್ಚಿನವರು ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.

ವಿನ್ಯಾಯ್ ವಾಯ್ನಾಗೆ ಮಾತ್ರ ಯಾವ ಕಾರಣಕ್ಕೂ ಆತುರ ಪಡಬೇಡಿ. ಮಾಚು ಪಿಚುವನ್ನು ಬಿಟ್ಟರೆ ಈ ದಾರಿಯ ಅತ್ಯಂತ ಸುಂದರ ನೆಲೆ ಇದೇ ಎಂದು ನಾನು ತಿಳಿದಿದ್ದೇನೆ, ಮತ್ತು ಇಲ್ಲಿಗೆ ರೈಲಾಗಲಿ ಬಸ್ಸಾಗಲಿ ಬರುವುದಿಲ್ಲ. ಕಾಲ್ನಡಿಗೆಯಲ್ಲಿ ಬಂದವರಿಗಷ್ಟೇ ಇದು ಮೈದೋರುತ್ತದೆ. ಕೆಚುವಾದಲ್ಲಿ ಇದರ ಹೆಸರಿಗೆ ‘ಎಂದೆಂದಿಗೂ ಎಳೆಯ’ ಎಂಬ ಅರ್ಥವಿದೆ, ಇಲ್ಲಿ ಬೆಳೆಯುವ ಒಂದು ಆರ್ಕಿಡ್ ಹೂವಿಗೂ ಅದೇ ಹೆಸರು. 1940ರ ದಶಕದ ಆರಂಭದಲ್ಲಿ ಪಾಲ್ ಫೆಯೋಷ್ ಅವರ ನೇತೃತ್ವದ ಶೋಧತಂಡ ಕಾಡನ್ನು ಸವರಿ ಇದನ್ನು ಬೆಳಕಿಗೆ ತಂದಿತು. ಬಿಲ್ಲಿನಂತೆ ಬಾಗಿದ ಬೆಟ್ಟದ ಮಡಿಲಿನಲ್ಲಿ ಹಂತಹಂತವಾದ ಬೇಸಾಯದ ಕಟ್ಟೆಗಳು, ಮೇಲೊಂದು ಕೆಳಗೊಂದು ಕಟ್ಟಡ ಸಮೂಹ, ಎರಡನ್ನೂ ಬೆಸೆಯುವ ಉದ್ದನೆಯ ಮೆಟ್ಟಿಲ ಸಾಲು, ಆ ಮೆಟ್ಟಿಲಿನ ಮಗ್ಗುಲಲ್ಲೇ ಒಂದರ ಕೆಳಗೊಂದು ಇಳಿಯುವ ನೀರಿನ ತೊಟ್ಟಿಗಳು. ಕಟ್ಟೆಗಳ ಅಂದವನ್ನು ನೋಡಿ ಅಷ್ಟಕ್ಕೇ ತಿರುಗಬೇಡಿ, ಅವುಗಳ ಒಳಗಿನ ಕೆಲಸವನ್ನು ಮಾರ್ಗದರ್ಶಕರಿಂದ ಕೇಳಿ ತಿಳಿಯಿರಿ: ಇಂಕಾ ಕಟ್ಟೆಗಳ ತಳದಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ ಮತ್ತು ಮರಳು, ಎಲ್ಲಕ್ಕೂ ಮೇಲೆ ಫಲವತ್ತಾದ ಮಣ್ಣು ಇರುತ್ತದೆ. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಬೀಳುವ ಈ ಕಡಿದಾದ ಇಳಿಜಾರು ಐದು ಶತಮಾನಗಳ ನಂತರವೂ ಜಾರದೆ ನಿಂತಿರುವುದಕ್ಕೆ ಕಣ್ಣಿಗೆ ಕಾಣದ ಆ ಪದರಗಳೇ ಕಾರಣ. ಮಲೆನಾಡಿನಲ್ಲಿ ಈಚಿನ ವರ್ಷಗಳಲ್ಲಿ ಗುಡ್ಡಗಳು ಕುಸಿಯುವುದನ್ನು ಕಂಡ ನಮಗೆ ಈ ಕೆಲಸದ ಬೆಲೆ ಬೇಗ ಅರ್ಥವಾಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ, ಜನವೂ ಹೆಚ್ಚು. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ. ಜನವರಿ, ಫೆಬ್ರವರಿಗಳಲ್ಲಿ ಅದು ಅತಿ ಜೋರು. ನಾಲ್ಕು ದಿನದ ಮಾರ್ಗವನ್ನು ಫೆಬ್ರವರಿಯಲ್ಲಿ ದುರಸ್ತಿಗಾಗಿ ಮುಚ್ಚುತ್ತಾರೆ. ಕಿರು ಚಾರಣಕ್ಕೂ ಆ ತಿಂಗಳನ್ನು ಬಿಟ್ಟುಬಿಡಿ. 2010ರ ಜನವರಿಯಲ್ಲಿ ಸುರಿದ ಮಳೆಗೆ ರೈಲುಹಾದಿ ಕೊಚ್ಚಿಹೋಗಿ, ಆಗ್ವಾಸ್ ಕಾಲಿಯೆಂತೆಸ್‌ನಲ್ಲಿ ಸಿಕ್ಕಿಬಿದ್ದ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಹೊರತರಬೇಕಾಯಿತು, ಮಾಚು ಪಿಚು ಏಪ್ರಿಲ್‌ವರೆಗೆ ಮುಚ್ಚಿತ್ತು. ನನ್ನ ಆಯ್ಕೆ ಏಪ್ರಿಲ್ ಕೊನೆ ಮತ್ತು ಮೇ ಮೊದಲ ಭಾಗ: ಮಳೆ ಹಿಂದೆ ಸರಿದಿರುತ್ತದೆ, ಬೆಟ್ಟದ ಹಸಿರು ಮಾತ್ರ ಇನ್ನೂ ಹಾಗೆಯೇ ಇರುತ್ತದೆ. ಯಾವ ತಿಂಗಳಾದರೂ ರೇನ್‌ಕೋಟ್ ಚೀಲದಲ್ಲಿರಲಿ. ಭೂಕುಸಿತದಿಂದಲೋ ಮುಷ್ಕರದಿಂದಲೋ ರೈಲು ನಿಲ್ಲುವ ಸಂಭವ ಇರುವುದರಿಂದ ಹಿಂದಿರುಗುವ ವಿಮಾನಕ್ಕೂ ಚಾರಣಕ್ಕೂ ನಡುವೆ ಎರಡು ದಿನ ಬಿಡುವಿಟ್ಟುಕೊಳ್ಳಿ.

ಏನೇನು ಒಯ್ಯಬೇಕು? ಏನು ನಿಷಿದ್ಧ?

ಎರಡು ಲೀಟರ್ ನೀರು ಅಗತ್ಯ, ದಾರಿಯಲ್ಲಿ ಕುಡಿಯುವ ನೀರು ಸಿಗುತ್ತದೆಂದು ನಂಬಬೇಡಿ. ಅಗಲ ಅಂಚಿನ ಟೋಪಿ, ಬಿಸಿಲಿಗೆ ಹಚ್ಚುವ ಲೇಪ, ಕೀಟಗಳನ್ನು ದೂರವಿಡುವ ಲೇಪ, ತೆಳುವಾದ ಒಂದು ಸ್ವೆಟರ್, ಬದಲಿ ಉಡುಪು, ನಿಮ್ಮ ಔಷಧಿಗಳು, ಪೆರುವಿನ ಹಣವಾದ ಸೋಲ್ ಸ್ವಲ್ಪ ನಗದಾಗಿ, ಇಷ್ಟು ಸಾಕು. ನದಿಯ ಬಳಿಯ ಸಣ್ಣ ನೊಣಗಳು ಕಚ್ಚಿದ ಜಾಗ ದಿನಗಟ್ಟಲೆ ತುರಿಸುವುದರಿಂದ ಅರ್ಧ ಚಡ್ಡಿಗಿಂತ ಪೂರ್ಣ ಪ್ಯಾಂಟ್ ಮೇಲು. ದೊಡ್ಡ ಪೆಟ್ಟಿಗೆಯನ್ನು ಕುಸ್ಕೊ ಅಥವಾ ಒಯಾಂತಾಯ್‌ತಾಂಬೊ ಹೋಟೆಲಿನಲ್ಲಿ ಬಿಟ್ಟುಬನ್ನಿ. ರೈಲಿನಲ್ಲಿ ಸಣ್ಣ ಚೀಲಕ್ಕೆ ಮಾತ್ರ ಅವಕಾಶ, ಮತ್ತು ಈ ಚಾರಣದಲ್ಲಿ ಸಾಮಾನ್ಯವಾಗಿ ಹೊರೆಯಾಳುಗಳು ಇರುವುದಿಲ್ಲವಾದ್ದರಿಂದ ನಿಮ್ಮ ಚೀಲವನ್ನು ನೀವೇ ಹೊರಬೇಕು. ಊರುಗೋಲಿನ ಲೋಹದ ಮೊನೆಗೆ ರಬ್ಬರಿನ ಟೊಪ್ಪಿಗೆ ಕಡ್ಡಾಯ. ಡ್ರೋನ್ ಹಾರಿಸುವಂತಿಲ್ಲ, ಬಿಸಾಡುವ ಪ್ಲಾಸ್ಟಿಕ್ ಬಾಟಲಿಗಳನ್ನು ತರುವಂತಿಲ್ಲ. ಕಿತ್ತಳೆಯ ಸಿಪ್ಪೆಯನ್ನೂ ಚೀಲದಲ್ಲೇ ಇಟ್ಟುಕೊಂಡು ಬನ್ನಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಮೊದಲೇ ಹೇಳಿದರೆ ಚೆನ್ನಾಗಿಯೇ ಸಿಗುತ್ತದೆ. ಕೀನ್ವಾ ಎಂಬ ಧಾನ್ಯ, ದಪ್ಪ ಕಾಳಿನ ಜೋಳ, ಹುರುಳಿಕಾಯಿ ಜಾತಿಯ ಕಾಳುಗಳು, ಬೆಣ್ಣೆಹಣ್ಣು ಎಲ್ಲವೂ ಅಲ್ಲಿಯ ದಿನನಿತ್ಯದ ಆಹಾರ. ಆಲೂಗಡ್ಡೆಯ ತವರೇ ಆಂಡೀಸ್. ಹಾಸನದ ಹೊಲಗಳಲ್ಲಿ ಬೆಳೆಯುವ ಗಡ್ಡೆಯ ಪೂರ್ವಜರನ್ನು ನೇರಳೆ, ಹಳದಿ, ಕೆಂಪು ಬಣ್ಣಗಳಲ್ಲಿ ಅಲ್ಲಿಯ ಸಂತೆಯಲ್ಲಿ ನೋಡಬಹುದು. ತೊಡಕು ಇರುವುದು ಮಾತಿನಲ್ಲಿ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಕೋಳಿ ಬರಬಹುದು, ತರಕಾರಿ ಸಾರನ್ನು ಕೋಳಿಯ ರಸದಲ್ಲಿ ಕುದಿಸಿರಬಹುದು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ’ ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ ಹೇಳಿ. ಮೊಟ್ಟೆಯನ್ನೂ ತಿನ್ನದವರು ‘ಸಿನ್ ವೇವೊ’ ಎಂದು ಸೇರಿಸಬೇಕು. ಜೈನ ಆಹಾರದವರಿಗೆ ಗಡ್ಡೆಯಿಲ್ಲದ ಊಟ ಸುಲಭವಲ್ಲ, ಬುತ್ತಿಗೆ ಬೇಕಾದದ್ದನ್ನು ಮನೆಯಿಂದಲೇ ಕಟ್ಟಿಕೊಂಡು ಬರುವುದು ಒಳಿತು.

ವೀಸಾ ಮತ್ತು ಲಸಿಕೆಯ ವಿಷಯವೇನು?

ಭಾರತೀಯ ಪಾಸ್‌ಪೋರ್ಟಿನವರಿಗೆ ಪೆರು ವೀಸಾ ಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ವೀಸಾ, ಇಲ್ಲವೇ ಅಲ್ಲಿಯ ಕಾಯಂ ವಾಸದ ಪತ್ರ ಇರುವವರಿಗೆ ಪ್ರವಾಸಕ್ಕೆ ವಿನಾಯಿತಿ ಇದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೊಡ್ಡ ಅನುಕೂಲ. ಭಾರತದಿಂದ ನೇರ ವಿಮಾನವಿಲ್ಲದ ಕಾರಣ ದಾರಿಯಲ್ಲಿ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿಕೊಳ್ಳಬೇಕು. ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯ ಸದ್ಯದ ಪ್ರಕಟಣೆಯನ್ನು ಒಮ್ಮೆ ಓದಿ.

ಲಸಿಕೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು ಹೋಗುವಾಗ ಅಲ್ಲ, ಬರುವಾಗ. ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿ ಭಾರತ ಸರ್ಕಾರ ಪೆರುವನ್ನು ಸೇರಿಸಿದೆ. ಅಲ್ಲಿಂದ ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇರದಿದ್ದರೆ ಪ್ರತ್ಯೇಕ ವಾಸದಲ್ಲಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಗಳಿಗೆ ಇದೆ. ಚಾರಣದ ಪ್ರದೇಶಕ್ಕೆ ಆ ಜ್ವರದ ಭಯ ಇಲ್ಲದಿದ್ದರೂ ನಿಯಮ ನಿಯಮವೇ. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರ ಪ್ರಮಾಣಪತ್ರ ಸಿಂಧುವಾಗುತ್ತದೆ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುವುದರಿಂದ ತಿಂಗಳ ಮೊದಲೇ ವೇಳೆ ಗೊತ್ತುಮಾಡಿಕೊಳ್ಳಿ.

ಮಾಚು ಪಿಚುವನ್ನು 1911ರಲ್ಲಿ ‘ಕಂಡುಹಿಡಿದರು’ ಎನ್ನುತ್ತಾರಲ್ಲ?

ಆ ಮಾತನ್ನು ಸ್ವಲ್ಪ ತಿದ್ದಿ ಹೇಳಬೇಕು. 1911ರ ಜುಲೈ 24ರಂದು ಅಮೆರಿಕದ ಹೈರಮ್ ಬಿಂಗಮ್ ಅಲ್ಲಿಗೆ ಹೋದಾಗ ದಾರಿ ತೋರಿಸಿದವರು ಮೆಲ್ಚೋರ್ ಆರ್ತೆಯಾಗಾ ಎಂಬ ಅಲ್ಲಿಯ ರೈತ. ಮೇಲೆ ಹಳೆಯ ಕಟ್ಟೆಗಳ ಮೇಲೆಯೇ ಕೆಲವು ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು. ಕುಸ್ಕೊ ಸೀಮೆಯ ಅಗುಸ್ತಿನ್ ಲಿಸಾರಾಗಾ 1902ರಲ್ಲೇ ಅಲ್ಲಿಯ ಗೋಡೆಯ ಮೇಲೆ ತಮ್ಮ ಹೆಸರು ಬರೆದಿದ್ದರು. ಬಿಂಗಮ್ ಆ ತಾಣವನ್ನು ಜಗತ್ತಿಗೆ ಪರಿಚಯಿಸಿದರು ಎನ್ನುವುದು ಸರಿ, ಕಂಡುಹಿಡಿದರು ಎನ್ನುವುದು ಅಲ್ಲಿಯ ಜನರಿಗೆ ಮಾಡುವ ಅನ್ಯಾಯ.

ಸೂರ್ಯದ್ವಾರ ತಲುಪಿದಾಗ ಮಂಜು ಕವಿದು ಏನೂ ಕಾಣದಿದ್ದರೆ?

ಹಾಗಾಗುವುದುಂಟು, ಅದು ಮೋಡಗಳ ನಡುವೆಯೇ ಬೆಳೆಯುವ ಕಾಡು. ಇಂತಿ ಎಂದರೆ ಸೂರ್ಯ, ಪುಂಕು ಎಂದರೆ ಬಾಗಿಲು, ಆದರೂ ಆ ಬಾಗಿಲಿನಲ್ಲಿ ಸೂರ್ಯ ಕಾದು ನಿಂತಿರುತ್ತಾನೆ ಎಂಬ ಭರವಸೆ ಯಾರೂ ಕೊಡಲಾರರು. ಮಂಜು ಅಲ್ಲಿ ಪರದೆಯಂತೆ ಸರಿದು ಮತ್ತೆ ಮುಚ್ಚುತ್ತಿರುತ್ತದೆ, ಆದ್ದರಿಂದ ಕೊನೆಯ ಬಸ್ಸಿಗೆ ಎಷ್ಟು ಸಮಯ ಉಳಿದಿದೆ ಎಂದು ಮಾರ್ಗದರ್ಶಕರನ್ನು ಕೇಳಿಕೊಂಡು, ಸ್ವೆಟರ್ ಹಾಕಿಕೊಂಡು, ಗೋಡೆಗೆ ಒರಗಿ ಅರ್ಧ ಗಂಟೆ ಕುಳಿತುಕೊಳ್ಳಿ. ಆಗಲೂ ತೆರೆಯದಿದ್ದರೆ ಕೆಳಗಿಳಿಯಿರಿ. ಇಳಿಯುವ ದಾರಿಯುದ್ದಕ್ಕೂ ನಗರ ಎಡೆಬಿಡದೆ ಹತ್ತಿರವಾಗುತ್ತ ಬರುತ್ತದೆ, ಯಾವುದೋ ಒಂದು ತಿರುವಿನಲ್ಲಿ ಮೊದಲ ಗೋಡೆಗಳು ಮಂಜಿನಿಂದ ಹೊರಬರುತ್ತವೆ. ಉಳಿದದ್ದಕ್ಕೆ ಮರುದಿನದ ಬೆಳಗು ಇದ್ದೇ ಇದೆ.